ಐದು ವಾಟಿನಲ್ಲಿ ಎಷ್ಟು ದೂರ?

ಹಿಂದೆ ಅನೇಕರ ಮನೆಗಳಲ್ಲಿ ರಾತ್ರಿ ಮಲಗುವ ಕೋಣೆಯಲ್ಲಿ ಕೆಂಪು ಅಥವಾ ನೀಲಿ ಬಣ್ಣದ ಪುಟ್ಟ ದೀಪವೊಂದು ಉರಿಯುತ್ತಿತ್ತು. ಅದಕ್ಕೆ ‘ಜೀರೋ ಬಲ್ಬು’ ಎಂದು ಹೆಸರು. ಹೆಸರಿನಲ್ಲಿ ಸೊನ್ನೆ ಇದ್ದರೂ ಅದು ಸುಮಾರು 15 ವಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಅದರ ಮೂರನೆಯ ಒಂದು ಪಾಲನ್ನು, ಎಂದರೆ ಕೇವಲ 5 ವಾಟ್ ಶಕ್ತಿಯನ್ನು, ಒಂದು ತಾಮ್ರದ ತಂತಿಗೆ ಕೊಟ್ಟು, ಧಾರವಾಡದಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ ಮೈಸೂರಿನಲ್ಲಿರುವವರೊಡನೆ ಮಾತನಾಡಬಹುದು. ನಡುವೆ ಟವರ್ ಬೇಡ, ಎಕ್ಸ್‌ಚೇಂಜ್ ಬೇಡ, ಉಪಗ್ರಹವೂ ಬೇಡ. ಇದು ಹೇಗೆ ಸಾಧ್ಯ, ನೀವು ಇದನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಈಗ ನೋಡೋಣ. ಪರದೆಯ ಮೇಲೆ ಲೆಕ್ಕ ಮಾಡಿ ತೋರಿಸುವುದು ಕಷ್ಟ; ಕಾಗದದ ಮೇಲೆ ಸುಲಭ. ಆದ್ದರಿಂದ ಪೆನ್ಸಿಲ್ ಹಿಡಿದೇ ಕುಳಿತುಕೊಳ್ಳಿ.

ಲಾಭಕ್ಕಾಗಿ ಅಲ್ಲದೆ, ಕಲಿಕೆಗಾಗಿ ಮತ್ತು ಪ್ರಯೋಗಕ್ಕಾಗಿ, ಸರ್ಕಾರದ ಪರವಾನಗಿ ಪಡೆದು ನಡೆಸುವ ಬಾನುಲಿ ಸಂಪರ್ಕವೇ ಹವ್ಯಾಸಿ ರೇಡಿಯೋ. ಇದನ್ನು ನಡೆಸುವವರಿಗೆ ‘ಹ್ಯಾಮ್’ ಎಂಬ ಹೆಸರಿದೆ. ಹ್ಯಾಮ್‌ಗಳ ಪೈಕಿ ಒಂದು ವರ್ಗದವರು ಬೇಕೆಂದೇ ಕಡಿಮೆ ಶಕ್ತಿ ಬಳಸುತ್ತಾರೆ. ಮೋರ್ಸ್ ಸಂಕೇತಕ್ಕಾದರೆ 5 ವಾಟ್, ಧ್ವನಿಗಾದರೆ ಗರಿಷ್ಠ 10 ವಾಟ್ ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಗೆರೆ. ಇದನ್ನು ‘ಕ್ಯೂ.ಆರ್.ಪಿ.’ ಎನ್ನುತ್ತಾರೆ. ತಂತಿಸಂದೇಶದ ಕಾಲದಿಂದ ಬಂದ ಸಂಕೇತಭಾಷೆಯಲ್ಲಿ ಇದರ ಅರ್ಥ ‘ಶಕ್ತಿ ಕಡಿಮೆ ಮಾಡಿ’ ಎಂದು.

ಇದನ್ನು ಕೇಳಿದ ಕೂಡಲೇ ಜಾಣ ವಿದ್ಯಾರ್ಥಿ ಕೇಳುವ ಪ್ರಶ್ನೆ ಇದು: 5 ವಾಟ್ ಸಾಕಾದರೆ ಅಂಗಡಿಯಲ್ಲಿ 100 ವಾಟಿನ ಯಂತ್ರ ಏಕೆ ಮಾರುತ್ತಾರೆ? ಇಪ್ಪತ್ತು ಪಟ್ಟು ಕಡಿಮೆಯಾದರೆ ಸದ್ದೂ ಇಪ್ಪತ್ತು ಪಟ್ಟು ಕ್ಷೀಣಿಸಬೇಕಲ್ಲವೆ?

ಇಲ್ಲಿಯೇ ನಮ್ಮ ಊಹೆ ತಪ್ಪುವುದು. ಬರುತ್ತಿರುವ ಸಂಕೇತ ಎಷ್ಟು ಬಲವಾಗಿದೆ ಎಂದು ತೋರಿಸಲು ರೇಡಿಯೋದಲ್ಲಿ ಎಸ್-ಮೀಟರ್ ಎಂಬ ಮಾಪಕ ಇರುತ್ತದೆ. ಅದರಲ್ಲಿ 1ರಿಂದ 9ರವರೆಗೆ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲು ಕೆಳಗಿಳಿಯಬೇಕಾದರೆ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕು. ಈಗ ಲೆಕ್ಕ ಮಾಡಿ. 100 ವಾಟನ್ನು ನಾಲ್ಕರಿಂದ ಭಾಗಿಸಿದರೆ 25. ಒಂದು ಮೆಟ್ಟಿಲು ಇಳಿದೆವು. 25ನ್ನು ಮತ್ತೆ ನಾಲ್ಕರಿಂದ ಭಾಗಿಸಿದರೆ 6.25, ಎರಡು ಮೆಟ್ಟಿಲು. 5 ವಾಟ್ ಅದಕ್ಕಿಂತ ತುಸು ಕೆಳಗೆ. ಎಂದರೆ 100 ವಾಟಿನವನು 9ರಲ್ಲಿ ಕೇಳಿಸುತ್ತಿದ್ದರೆ, ಅದೇ ತಂತಿಯಿಂದ 5 ವಾಟಿನ ನೀವು ಹೆಚ್ಚುಕಡಿಮೆ 7ರಲ್ಲಿ ಕೇಳಿಸುತ್ತೀರಿ. ಮಾತು ಅರ್ಥವಾಗಲು ಅದು ಧಾರಾಳವಾಗಿ ಸಾಕು. (ಅಗ್ಗದ ಯಂತ್ರಗಳ ಮಾಪಕಗಳು ಈ ನಿಯಮಕ್ಕೆ ಅಷ್ಟೇನೂ ನಿಷ್ಠವಾಗಿರುವುದಿಲ್ಲ, ಮುಳ್ಳನ್ನು ನಂಬುವುದಕ್ಕಿಂತ ಕಿವಿಯನ್ನು ನಂಬಿ.)

ಆದರೆ ಆ ಎರಡು ಮೆಟ್ಟಿಲು ಸುಮ್ಮನೆ ಕಳೆದುಕೊಳ್ಳುವಂಥವೂ ಅಲ್ಲ. 100 ವಾಟಿನವನು 3ರಲ್ಲಿ ಕೇಳಿಸುತ್ತಿರುವ ದಿನ ನೀವು ಗದ್ದಲದೊಳಗೆ ಮುಳುಗಿ ಹೋಗುತ್ತೀರಿ. ಆದ್ದರಿಂದ ಅಲ್ಪಶಕ್ತಿಯವನು ಉಳಿದ ಎಲ್ಲವನ್ನೂ ಸರಿಯಾಗಿ ಮಾಡಬೇಕು: ತಂತಿ ಸರಿಯಿರಬೇಕು, ವೇಳೆ ಸರಿಯಿರಬೇಕು, ಕಿವಿ ಚುರುಕಾಗಿರಬೇಕು. ವಿದ್ಯಾರ್ಥಿಯಾದವನಿಗೆ ಇದೇ ಇದರ ದೊಡ್ಡ ಲಾಭ ಎಂದು ನನ್ನ ಅಭಿಪ್ರಾಯ. ಹಣ ಕೊಟ್ಟು ತಂದ 100 ವಾಟ್ ನಿಮ್ಮ ತಪ್ಪುಗಳನ್ನು ಮುಚ್ಚಿಡುತ್ತದೆ. 5 ವಾಟ್ ಮುಚ್ಚಿಡುವುದಿಲ್ಲ.

ದಾರಿ ಸರಿಯಾಗಿದ್ದರೆ ಶಕ್ತಿ ಎಷ್ಟು ಕಡಿಮೆ ಸಾಕು ಎಂಬುದಕ್ಕೆ ನಮ್ಮ ಇಸ್ರೋ ಸಂಸ್ಥೆಯ ಒಂದು ಉದಾಹರಣೆಯೇ ಇದೆ. 2005ರ ಮೇ 5ರಂದು ಶ್ರೀಹರಿಕೋಟದಿಂದ ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋಗ್ರಾಂ ತೂಕದ ಉಪಗ್ರಹ ಮೇಲೇರಿತು. ಹವ್ಯಾಸಿಗಳಿಗೆಂದೇ ಮಾಡಿದ ಆ ಉಪಗ್ರಹ ಭೂಮಿಯ ಕಡೆಗೆ ಮಾತು ಕಳಿಸುತ್ತಿದ್ದುದು ಸುಮಾರು 1 ವಾಟ್ ಶಕ್ತಿಯಲ್ಲಿ. ನಡುವೆ ಗುಡ್ಡವಿಲ್ಲ, ಕಟ್ಟಡವಿಲ್ಲ. ಹೀಗಾಗಿ ಆ 1 ವಾಟೇ ಸಾಕಾಗಿತ್ತು. 2014ರವರೆಗೆ ಅದು ಕೆಲಸ ಮಾಡಿತು.

ಇನ್ನು ಧಾರವಾಡ-ಮೈಸೂರಿನ ವಿಷಯಕ್ಕೆ ಬರೋಣ. ನೇರ ಗೆರೆಯಲ್ಲಿ ಎರಡಕ್ಕೂ ನಡುವೆ ಸುಮಾರು 390 ಕಿಲೋಮೀಟರ್. ಭೂಮಿ ಗುಂಡಗಿರುವುದರಿಂದ ತರಂಗ ನೇರವಾಗಿ ಹೋಗಲಾರದು. ಅದು ಮೇಲಕ್ಕೆ ಹೋಗಿ, ಆಕಾಶದಲ್ಲಿ ಸುಮಾರು 300 ಕಿ.ಮೀ. ಎತ್ತರದಲ್ಲಿರುವ ಅಯಾನುಗೋಳದ ಪದರದಿಂದ ಬಾಗಿ ಕೆಳಕ್ಕೆ ಬರುತ್ತದೆ. ಬಿಸಿಲಿನಿಂದ ವಿದ್ಯುದಂಶ ಪಡೆದ ಗಾಳಿಯ ತೆಳು ಪದರವೇ ಇದು. ಅರ್ಧ ದೂರ 195, ಎತ್ತರ 300. ಇವುಗಳನ್ನು ಬದಿಗಳಾಗಿ ಇಟ್ಟುಕೊಂಡು ಲಂಬಕೋನ ತ್ರಿಭುಜ ಬರೆಯಿರಿ. ಪೈಥಾಗೊರಸನ ಪ್ರಮೇಯ ನಿಮಗೆ ಗೊತ್ತೇ ಇದೆ. ಕರ್ಣ ಸುಮಾರು 358 ಕಿ.ಮೀ.; ಹೋಗಿ ಬರುವ ದಾರಿ 716 ಕಿ.ಮೀ. ತರಂಗ ನೆಲದಿಂದ ಹೊರಡುವ ಕೋನ ಸುಮಾರು 57 ಡಿಗ್ರಿ. ಹಾಗಾದರೆ ಹತ್ತಿರದ ಜಿಲ್ಲೆಗಳ ಜೊತೆ ಮಾತನಾಡಲು ನಿಮಗೆ ಬೇಕಾದ್ದು ದಿಗಂತದ ಕಡೆಗಲ್ಲ, ಆಕಾಶದ ಕಡೆಗೆ ಶಕ್ತಿ ಚೆಲ್ಲುವ ಆಂಟೆನಾ. ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದ ಮಾಮೂಲು ತಂತಿ ಮಾಡುವುದು ಅದನ್ನೇ! ಬಡವನ ಗಿಡ್ಡ ಆಂಟೆನಾ ಇಲ್ಲಿ ದೋಷವಲ್ಲ, ಗುಣ.

ಈ ಕೆಲಸಕ್ಕೆ ಹಗಲಿನ ಹೊತ್ತು 7 ಮೆಗಾಹರ್ಟ್ಸ್ ಪಟ್ಟಿ, ಎಂದರೆ 40 ಮೀಟರ್ ತರಂಗಾಂತರ, ಬಹಳ ಅನುಕೂಲ. 14 ಮೆಗಾಹರ್ಟ್ಸ್ ಆದರೆ ಸಾಮಾನ್ಯವಾಗಿ ಪಕ್ಕದ ಜಿಲ್ಲೆಗಳನ್ನು ಹಾರಿ ದೂರದೇಶಕ್ಕೆ ಇಳಿಯುತ್ತದೆ. ಕತ್ತಲಾದಂತೆ 7 ಮೆಗಾಹರ್ಟ್ಸ್ ಕೂಡ ದೂರ ಹೋಗತೊಡಗುತ್ತದೆ. ಹಗಲು ಸಿಕ್ಕಿದ ಹತ್ತಿರದ ಗೆಳೆಯ ರಾತ್ರಿ ಸಿಗದೆ ಹೋಗಬಹುದು.

ಈಗ ತಂತಿ. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೆ. ಅತಿ ಕಡಿಮೆ ಖರ್ಚಿನದೂ ಇದೇ. ಅರ್ಧ ತರಂಗಾಂತರದ ‘ಡೈಪೋಲ್’ ಆಂಟೆನಾದ ಉದ್ದ ತಿಳಿಯಲು 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ. 143 ಭಾಗಿಸು 7.1 ಎಂದರೆ 20.14 ಮೀಟರ್. ಇದನ್ನು ನಡುವೆ ಕತ್ತರಿಸಿ, ಎರಡು ಕೈಗಳಿಗೆ ತಲಾ 10.07 ಮೀಟರ್. ಮನೆಯ ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರ್ ಸಾಕು. ನಡುವೆ ಮತ್ತು ತುದಿಗಳಿಗೆ ಪಿ.ವಿ.ಸಿ. ಕೊಳವೆಯ ತುಂಡುಗಳು, ಎಳೆದು ಕಟ್ಟಲು ನೈಲಾನ್ ಹಗ್ಗ. ನಡುಭಾಗವನ್ನು ಮರದ ಕೊಂಬೆಗೋ ಬಿದಿರಿನ ಗಳಕ್ಕೋ ಏರಿಸಿ, ಎರಡು ತುದಿಗಳನ್ನು ಇಳಿಜಾರಾಗಿ ಕೆಳಕ್ಕೆ ತಂದರೆ ಒಂದೇ ಗಳ ಸಾಕಾಗುತ್ತದೆ. ತುದಿಗಳು ಮಾತ್ರ ಕೈಗೆ ಎಟುಕದಂತಿರಲಿ. ಪ್ರಸಾರದ ವೇಳೆ ಅಲ್ಲಿ ವೋಲ್ಟೇಜ್ ಹೆಚ್ಚು.

ಮೊದಲಿಗೆ ಪ್ರತಿ ಕೈಯನ್ನು 10.3 ಮೀಟರ್ ಇಟ್ಟುಕೊಳ್ಳಿ. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ. ಆಂಟೆನಾದಿಂದ ಯಂತ್ರದ ಕಡೆಗೆ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಎಸ್.ಡಬ್ಲ್ಯು.ಆರ್. ಮೀಟರ್ ಒಂದನ್ನು ಹಿರಿಯ ಹ್ಯಾಮ್ ಬಳಿ ಎರವಲು ಪಡೆದು, ತುದಿಯನ್ನು ಹತ್ತು ಸೆಂಟಿಮೀಟರಿನಂತೆ ಹಿಂದಕ್ಕೆ ಮಡಚಿ ಸುತ್ತುತ್ತಾ ಬನ್ನಿ. ಎರಡು ಕೈಗಳನ್ನೂ ಸಮನಾಗಿ. ಪ್ಲಾಸ್ಟಿಕ್ ಹೊದಿಕೆಯ ವೈರ್ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡವಾಗಿದ್ದಾಗಲೇ ಸರಿಹೊಂದುತ್ತದೆ. ಸೂತ್ರ ತಪ್ಪಾಯಿತೆಂದು ಗಾಬರಿಯಾಗಬೇಡಿ.

ತಂತಿಯಿಂದ ಯಂತ್ರಕ್ಕೆ 50 ಓಮ್ ಕೇಬಲ್ ಬೇಕು. ಕೇಬಲ್ ಟಿ.ವಿ.ಯ 75 ಓಮ್ ಕೇಬಲ್ ಮನೆಯಲ್ಲಿ ಬಿದ್ದಿದ್ದರೆ ಅದೂ ನಡೆಯುತ್ತದೆ. ಆದರೆ ಅದರ ಹೊರಜಾಲರಿ ಅನೇಕ ವೇಳೆ ಅಲ್ಯುಮಿನಿಯಂನದು, ಬೆಸುಗೆ ಹಿಡಿಯದು. ಸ್ಕ್ರೂ ಹಾಕಿ ಬಿಗಿಯಬೇಕಾಗುತ್ತದೆ.

ಯಂತ್ರದ ಬಗ್ಗೆ ಹೇಳುವಾಗ ಒಂದು ಹೆಸರನ್ನು ಬಿಡುವಂತಿಲ್ಲ. 2003ರಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ‘ಬಿಟ್‌ಎಕ್ಸ್’ ಎಂಬ ಯಂತ್ರದ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಸುಮಾರು 6 ವಾಟ್ ಶಕ್ತಿಯ, ಧ್ವನಿಯಲ್ಲಿ ಮಾತನಾಡುವ ಯಂತ್ರ ಅದು. ವಿದೇಶದ ವಿನ್ಯಾಸಗಳನ್ನು ಹಿಡಿದು ಇಲ್ಲಿನ ಅಂಗಡಿಗಳನ್ನು ಅಲೆದವರಿಗೆ ಅದರ ಬೆಲೆ ಗೊತ್ತು. ಇದರ ಭಾಗಗಳು ನಮ್ಮ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವಂಥವು. ಸುರುಳಿ ಸುತ್ತಲು ಬೇಕಾದ ಫೆರೈಟ್ ಉಂಗುರ ಸಿಗದ ಕಡೆ ನಲ್ಲಿಯ ನೈಲಾನ್ ವಾಷರನ್ನು ಬಳಸಿದ್ದು ಅದರಲ್ಲಿನ ಉಪಾಯ! ಮುಂದೆ 2016ರಲ್ಲಿ ಇದೇ ವಿನ್ಯಾಸದ, 7 ಮೆಗಾಹರ್ಟ್ಸ್‌ನ ಜೋಡಿಸಿದ ಬೋರ್ಡು ಬಂದಿತು. ಅದರ ಸುರುಳಿಗಳನ್ನು ಹೈದರಾಬಾದಿನ ಮಹಿಳೆಯರ ಗುಂಪೊಂದು ಕೈಯಿಂದ ಸುತ್ತುತ್ತಿತ್ತು.

ಇಂಥ ಯಂತ್ರದ ಕೊನೆಯ ಹಂತದಲ್ಲಿರುವ ಟ್ರಾನ್ಸಿಸ್ಟರಿಗೆ ಒಂದು ಶತ್ರು ಇದೆ: ಆಂಟೆನಾ ಇಲ್ಲದೆ ಪ್ರಸಾರದ ಗುಂಡಿ ಒತ್ತುವುದು. ಹೊರಗೆ ಹೋಗಲಾರದ ಶಕ್ತಿ ಅದನ್ನೇ ಸುಡಬಹುದು. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಹತ್ತು ಕಾರ್ಬನ್ ರೆಸಿಸ್ಟರುಗಳನ್ನು, 470 ಓಮ್, 1 ವಾಟಿನವು, ಸಮಾನಾಂತರವಾಗಿ ಬೆಸೆದು ಆಂಟೆನಾದ ಜಾಗಕ್ಕೆ ಸೇರಿಸಿ. ಒಟ್ಟು 47 ಓಮ್ ಆಗುತ್ತದೆ, 10 ವಾಟ್ ತಾಳುತ್ತದೆ. ತಂತಿ ಸುತ್ತಿದ ರೆಸಿಸ್ಟರುಗಳು ಬೇಡ; ಅವು ಸುರುಳಿಯಂತೆ ವರ್ತಿಸುತ್ತವೆ.

ಬ್ಯಾಟರಿಯ ಲೆಕ್ಕ ಇನ್ನೂ ಸುಲಭ. ಕಂಪ್ಯೂಟರಿನ ಯು.ಪಿ.ಎಸ್. ಒಳಗಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ತೆಗೆದುಕೊಳ್ಳಿ. ಕೇಳುವಾಗ ಸುಮಾರು 0.15 ಆಂಪಿಯರ್, ಮಾತನಾಡುವಾಗ ಸುಮಾರು 1 ಆಂಪಿಯರ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಯಲ್ಲಿ ಮುಕ್ಕಾಲು ಭಾಗ ಕೇಳಿ, ಕಾಲು ಭಾಗ ಮಾತನಾಡಿದರೆ ಖರ್ಚು 0.36 ಆಂಪಿಯರ್-ಗಂಟೆ. ಬ್ಯಾಟರಿಯ ಆಯುಷ್ಯ ಉಳಿಸಲು ಅರ್ಧವನ್ನಷ್ಟೇ ಬಳಸಿದರೂ ಒಂಬತ್ತು ಗಂಟೆಗೂ ಮಿಕ್ಕಿ ನಡೆಯುತ್ತದೆ. 100 ವಾಟಿನ ಯಂತ್ರವಾಗಿದ್ದರೆ ಮಾತನಾಡುವಾಗ 20 ಆಂಪಿಯರಿನಷ್ಟು ಎಳೆಯುತ್ತಿತ್ತು. ಕಾರಿನ ಬ್ಯಾಟರಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುವವರು ಯಾರು?

ಗುಡ್ಡವೇ ಏಕೆ, ಊರಾಚೆಯ ಒಂದು ಬಯಲಿಗೆ ಹೋದರೂ ವ್ಯತ್ಯಾಸ ಕಾಣುತ್ತದೆ. ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲ ರೇಡಿಯೋದಲ್ಲಿ ಗೊರಗುಟ್ಟುತ್ತವೆ. ಊರೊಳಗೆ ಮಾಪಕದ 6ನೆಯ ಮೆಟ್ಟಿಲವರೆಗೂ ತುಂಬಿಕೊಂಡ ಗದ್ದಲ ಬಯಲಿನಲ್ಲಿ ಇಲ್ಲವಾಗಿ, ಸಣ್ಣ ಸಂಕೇತಗಳು ತಲೆಯೆತ್ತುತ್ತವೆ. ಇದರಿಂದ ನಿಮಗೆ ಬೇರೆಯವರು ಚೆನ್ನಾಗಿ ಕೇಳಿಸುತ್ತಾರೆ ನಿಜ. ಆದರೆ ನೀವು ಅವರಿಗೆ ಕೇಳಿಸುವುದು ಅವರ ಊರಿನ ಗದ್ದಲವನ್ನು ಅವಲಂಬಿಸಿದೆ. ‘ನನಗೆ ಕೇಳುತ್ತಿದೆ, ಅವರೇಕೆ ಉತ್ತರಿಸುತ್ತಿಲ್ಲ’ ಎಂದು ಬೇಸರಪಡುವ ಮೊದಲು ಇದನ್ನು ನೆನೆಯಿರಿ.

ಆದರೆ ಇದೆಲ್ಲಕ್ಕೂ ಮೊದಲು ಪರವಾನಗಿ. ಅದಿಲ್ಲದೆ ಪ್ರಸಾರಯಂತ್ರ ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. 5 ವಾಟ್ ಆದರೇನು, ಅರ್ಧ ವಾಟ್ ಆದರೇನು. ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯದ ಡಬ್ಲ್ಯು.ಪಿ.ಸಿ. ವಿಭಾಗ ಇದಕ್ಕಾಗಿ ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದವರು ಕುಳಿತುಕೊಳ್ಳಬಹುದು. ರೇಡಿಯೋ ತತ್ತ್ವ ಮತ್ತು ನಿಯಮಾವಳಿ ಎಂದು ಎರಡು ಭಾಗ. ಪಿ.ಯು.ಸಿ. ಭೌತಶಾಸ್ತ್ರದ ವಿದ್ಯುತ್ ಅಧ್ಯಾಯಗಳನ್ನು ಸರಿಯಾಗಿ ಓದಿದವರಿಗೆ ಮೊದಲ ಭಾಗ ಕಷ್ಟವಲ್ಲ. ಅನೇಕರು ಎಡವುವುದು ಬಾಯಿಪಾಠ ಬೇಡುವ ಎರಡನೆಯದರಲ್ಲಿ. ಉತ್ತೀರ್ಣರಾದವರಿಗೆ ಕರೆಸಂಕೇತ ಸಿಗುತ್ತದೆ. ಆರಂಭದ ‘ರಿಸ್ಟ್ರಿಕ್ಟೆಡ್’ ದರ್ಜೆಯವರದು ವಿ.ಯು.3 ಎಂದೂ, ‘ಜನರಲ್’ ದರ್ಜೆಯವರದು ವಿ.ಯು.2 ಎಂದೂ ಆರಂಭವಾಗುತ್ತದೆ. ಪರವಾನಗಿಯಲ್ಲಿ ನಿಮ್ಮ ಕೇಂದ್ರದ ವಿಳಾಸ ನಮೂದಾಗಿರುತ್ತದೆ. ಅಲ್ಲಿಂದ ಹೊರಗೆ, ಬಯಲಿಗೋ ಬೆಟ್ಟಕ್ಕೋ ಒಯ್ದು ನಡೆಸಲು ಇರುವ ನಿಯಮಗಳನ್ನು ಓದಿ, ಬೇಕಾದ ಅನುಮತಿ ಪಡೆದೇ ಹೊರಡಿ. ಬೆನ್ನಚೀಲದಲ್ಲಿ ಯಂತ್ರದ ಜೊತೆ ಪರವಾನಗಿಯ ಪ್ರತಿಯೂ ಇರಲಿ. ಮರಕ್ಕೆ ತಂತಿ ಕಟ್ಟುವ ಹುಡುಗರನ್ನು ನೋಡಿ ಊರವರು ಪ್ರಶ್ನೆ ಕೇಳುವುದು ಸಹಜವೇ.

ಪರೀಕ್ಷೆಗೆ ಓದುತ್ತಿರುವಾಗ ಹತ್ತಿರದ ಹ್ಯಾಮ್ ಒಬ್ಬರ ಪಕ್ಕದಲ್ಲಿ ಕುಳಿತು ಕೇಳುವುದನ್ನು ಕಲಿಯಿರಿ. ಸಾಮಾನ್ಯ ಶಾರ್ಟ್‌ವೇವ್ ರೇಡಿಯೋದಲ್ಲಿ ಹ್ಯಾಮ್‌ಗಳ ಮಾತು ಬಾತುಕೋಳಿಯ ಕೂಗಿನಂತೆ ಕೇಳುತ್ತದೆ. ಅದನ್ನು ಬಿಡಿಸಲು ಬೇರೆ ಮಂಡಲ ಬೇಕು. ಕಿವಿ ಪಳಗಿದ ಮೇಲೆ ಮೋರ್ಸ್ ಕಲಿತರೆ ಇನ್ನೂ ಒಳ್ಳೆಯದು. ಧ್ವನಿಯಲ್ಲಿ 5 ವಾಟ್ ಎರಡೂವರೆ ಸಾವಿರ ಹರ್ಟ್ಸ್ ಅಗಲಕ್ಕೆ ಹರಡಿಹೋಗುತ್ತದೆ. ಮೋರ್ಸ್‌ನಲ್ಲಿ ಅದೇ 5 ವಾಟ್ ನೂರಿನ್ನೂರು ಹರ್ಟ್ಸ್‌ನಲ್ಲಿ ಒಟ್ಟುಗೂಡುತ್ತದೆ. 2017ರಲ್ಲಿ ಬಂದ ‘ಎಫ್.ಟಿ.8’ ಎಂಬ ಕಂಪ್ಯೂಟರ್ ವಿಧಾನ ಕಿವಿಗೆ ಕೇಳದ ಸಂಕೇತವನ್ನೂ ಹೆಕ್ಕಿ ಕೊಡುತ್ತದೆ. ಅದು ಅದ್ಭುತವೇ, ಆದರೆ ಅಲ್ಲಿಂದ ಆರಂಭಿಸಿದವರು ಕೇಳುವುದನ್ನು ಕಲಿಯದೆ ಉಳಿಯುವುದುಂಟು.

ಮೊದಲ ದಿನ ಬಯಲಿಗೆ ಹೋದಾಗ ಮೇಲೆ ನೋಡಿ. ವಿದ್ಯುತ್ ತಂತಿ ಹಾದುಹೋಗುವ ಕಡೆ ಆಂಟೆನಾ ಕಟ್ಟಲೇಬೇಡಿ. ದಾರಕ್ಕೆ ಕಲ್ಲು ಕಟ್ಟಿ ಕೊಂಬೆಗೆ ಎಸೆಯುವಾಗ ಅದು ಎಲ್ಲಿಗೆ ಹಾರೀತು ಎಂಬುದನ್ನೂ ಯೋಚಿಸಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ದೂರದಲ್ಲಿ ಗುಡುಗಿದರೆ ಸಾಕು, ಕೇಬಲ್ ಕಳಚಿ ಅಲ್ಲಿಂದ ದೂರ ಹೋಗಿ.

ಎಲ್ಲ ಸರಿಯಿದ್ದರೆ ಕುಳಿತು ಹತ್ತು ನಿಮಿಷ ಬರೀ ಕೇಳಿ. ನೀವಾಗಿ ‘ಸಿ.ಕ್ಯೂ.’ ಎಂದು ಎಲ್ಲರನ್ನೂ ಕರೆಯಲು ಹೋಗಬೇಡಿ. ಸಣ್ಣ ದನಿಗೆ ತಿರುಗಿ ನೋಡುವವರು ಕಡಿಮೆ. ಬಲವಾಗಿ ಕೇಳುತ್ತಿರುವ ಒಬ್ಬರು ‘ಸಿ.ಕ್ಯೂ.’ ಕರೆದು ಮುಗಿಸಲಿ. ಅವರಿಗೆ ಉತ್ತರಿಸುವವರ ಗುಂಪು ಒಮ್ಮೆ ಕೂಗಿ ಸುಮ್ಮನಾಗುವ ಒಂದು ಕ್ಷಣ ಬರುತ್ತದೆ. ಆಗ ನಿಮ್ಮ ಕರೆಸಂಕೇತವನ್ನು ನಿಧಾನವಾಗಿ, ಒಂದೇ ಸಲ ಹೇಳಿ. ಅವರು ಅದರಲ್ಲಿ ಎರಡಕ್ಷರ ಹಿಡಿದು ‘ಮತ್ತೊಮ್ಮೆ’ ಎಂದರೆ ಅರ್ಧ ಗೆದ್ದಂತೆ. ಪೂರ್ತಿ ಹಿಡಿದ ಮೇಲೆ ನಿಮ್ಮ ಸಂಕೇತದ ಬಲ ಎಷ್ಟೆಂದು ಅಂಕೆಯಲ್ಲಿ ಹೇಳುತ್ತಾರೆ. ನೀವೂ ಅವರದನ್ನು ಹೇಳಿ, ಹೆಸರು, ಊರು ತಿಳಿಸಿ. ಕೊನೆಗೆ ‘ನಾನು 5 ವಾಟಿನಲ್ಲಿದ್ದೇನೆ’ ಎಂದು ಸೇರಿಸಿ. ದಿನಾಂಕ, ವೇಳೆ, ಕಂಪನಾಂಕ, ಅವರ ಕರೆಸಂಕೇತ, ಇಷ್ಟನ್ನೂ ಲಾಗ್ ಪುಸ್ತಕದಲ್ಲಿ ಬರೆಯಿರಿ. ಆಂಟೆನಾ ಎಷ್ಟು ಎತ್ತರದಲ್ಲಿತ್ತು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿ. ಮುಂದಿನ ಭಾನುವಾರ ಅದನ್ನು ಒಂದು ಮೀಟರ್ ಮೇಲೇರಿಸಿದಾಗ ಏನಾಯಿತೆಂದು ಹೋಲಿಸಲು ಬೇಕಾಗುತ್ತದೆ.