ಓಲೆಗರಿ ಹಿಡಿಯಲು ಕಲಿಯುವುದು ಎಲ್ಲಿ?

1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗ್ರಂಥಲಿಪಿಯ ಓಲೆಗರಿ ಕಟ್ಟೊಂದನ್ನು ಓದಿದಾಗ ಕಂಡದ್ದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಯಿತು. ಕಟ್ಟು ಕಪಾಟಿನಲ್ಲಿದ್ದರೆ ಸಾಲದು, ಬಿಚ್ಚಿ ಓದಿ ಪಟ್ಟಿಗೆ ಸೇರಿಸುವ ಪಳಗಿದ ಕೈ ಬೇಕು. ಮ್ಯೂಸಿಯಾಲಜಿ ಓದುವವರಿಗೆ ಆ ಪಳಗುವಿಕೆ ತರಗತಿಯ ಸ್ಲೈಡುಗಳಿಂದ ಬರುವುದಿಲ್ಲ. ಒಣಗಿದ ಗರಿ ಎಷ್ಟು ಬಾಗಿಸಿದರೆ ಸೀಳುತ್ತದೆ, ಮೆತ್ತನೆಯ ಕುಂಚವನ್ನು ಹೇಗೆ ಆಡಿಸಬೇಕು, ಕಂಟದಿಂದ, ಅಂದರೆ ಓಲೆಯ ಮೇಲೆ ಬರೆಯುವ ಮೊನೆಯಿಂದ, ಕೊರೆದ ಅಕ್ಷರ ಮಾಸಿದ್ದರೆ ದೀಪದ ಮಸಿ ತುಂಬಿ ಅದನ್ನು ಹೇಗೆ ಎಬ್ಬಿಸುತ್ತಾರೆ, ಎಣ್ಣೆ ಎಷ್ಟು ಸವರಿದರೆ ಹಿತ, ಎಷ್ಟಾದರೆ ಜಿಡ್ಡು, ಇವೆಲ್ಲ ಬೆರಳ ತುದಿಯ ತಿಳಿವಳಿಕೆ. ನೋಡಿದರೆ ಬಾರದು, ಮಾಡಿದರೇ ಬರುವುದು. ಅದಕ್ಕೇ ಮ್ಯೂಸಿಯಂ ಇಲ್ಲವೇ ಹಸ್ತಪ್ರತಿ ಭಂಡಾರದಲ್ಲಿ ಇಂಟರ್ನ್‌ಶಿಪ್ ಅವರ ಓದಿನ ಭಾಗವಾಗಬೇಕು.

ಅಪರೂಪದ ವಸ್ತುವನ್ನು ಕಲಿಯುವವರ ಕೈಗೆ ಕೊಟ್ಟರೆ ಹಾಳಾದೀತು ಎಂಬ ಅಂಜಿಕೆ ನ್ಯಾಯವಾದದ್ದೇ. ಆದರೆ ಮೊದಲ ದಿನವೇ ಹಳೆಯ ಕಟ್ಟು ಕೊಡಬೇಕಿಲ್ಲ. ಬರೆಯದ ಖಾಲಿ ಗರಿಯ ಮೇಲೆ ಅಭ್ಯಾಸ, ಆಮೇಲೆ ಅಳತೆ, ಫೋಟೊ, ಸ್ಥಿತಿಗತಿಯ ವರದಿ, ಕೊನೆಗೆ ಸಂರಕ್ಷಕರ ಕಣ್ಣೆದುರಲ್ಲೇ ಮೂಲಪ್ರತಿ. ಇನ್ನೊಂದು ದೂರು ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ: ಇಂಟರ್ನ್‌ಶಿಪ್ ಹೆಸರಿನಲ್ಲಿ ಪುಕ್ಕಟೆ ದುಡಿಮೆ. ಕಪಾಟಿನ ಧೂಳು ಒರೆಸಿ, ಬಾಗಿಲಲ್ಲಿ ಟಿಕೆಟ್ ಹರಿದು ಎರಡು ತಿಂಗಳು ಕಳೆದರೆ ಅದು ತರಬೇತಿಯಾಗದು, ನಿಜ. ಹಾಗೆಂದು ತರಬೇತಿಯನ್ನೇ ಕೈಬಿಟ್ಟರೆ ಪರಿಹಾರವಾಗುವುದಿಲ್ಲ. ಸ್ಟೈಪೆಂಡ್ ಕೊಡಿ, ಒಂದು ಗುಂಪಿಗೆ ಹತ್ತು ಕಟ್ಟುಗಳನ್ನು ಪೂರ್ತಿ ವಹಿಸಿ, ಅವರು ಬರೆದ ವಿವರಪಟ್ಟಿಯಲ್ಲಿ ಅವರ ಹೆಸರನ್ನೂ ದಾಖಲಿಸಿ.