ಕೊಡವರ ಮೂಲ: ನುಡಿಯ ಸಾಕ್ಷ್ಯ

ಕೊಡವರು ಎಲ್ಲಿಂದ ಬಂದವರು? ವಿಶ್ವೇಶ್ವರಪುರದ ನನ್ನ ತರಗತಿಯಲ್ಲಿ ದ್ರಾವಿಡ ಭಾಷೆಗಳ ಪಾಠ ನಡೆದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಅಲೆಕ್ಸಾಂಡರನ ಸೈನಿಕರ ಸಂತತಿಯೆಂಬುದು ಒಂದು ಕಥೆ; ಅರಬ್ಬರ ಸಂತತಿಯೆಂಬುದು ಇನ್ನೊಂದು. ಹಿಂದೂಕುಶ ಪರ್ವತದ ನೂರಿಸ್ತಾನಿಗಳಿಗೂ ಇಂಥದೇ ಗ್ರೀಕ್ ಕಥೆಯೊಂದು ಅಂಟಿಕೊಂಡಿದೆ. ಅವರ ನುಡಿಗಳಾದರೋ ಇಂಡೋ-ಇರಾನಿಯನ್ ಬಳಗದವು. ನುಡಿಯು ರಕ್ತದ ಲೆಕ್ಕ ಹೇಳಲಾರದು, ನಿಜ. ಒಂದು ಜನ ಯಾರೊಡನೆ ಬಾಳಿ ಬೆಳೆಯಿತೆಂಬುದನ್ನು ಹೇಳಬಲ್ಲದು.

ಕೊಡವ ತಕ್ಕ್ ದ್ರಾವಿಡ ನುಡಿ. ನಮ್ಮ 'ಹಾಲು' ಅಲ್ಲಿ ಹಳಗನ್ನಡದಂತೆಯೇ 'ಪಾಲ್'. ನಾವು 'ಹುತ್ತರಿ' ಎನ್ನುವ ಹಬ್ಬ ಅವರಿಗೆ 'ಪುತ್ತರಿ', ಎಂದರೆ ಹೊಸ ಅಕ್ಕಿ. ತಮಿಳರ 'ಸೆವಿ' ಅವರಲ್ಲಿ 'ಕೆಮಿ'. ಇಲ್ಲಿ ಅದು ನಮ್ಮ 'ಕಿವಿ'ಯಂತೆ ಮೊದಲ ಕಕಾರವನ್ನು ಬಿಟ್ಟಿಲ್ಲ. ಹಾಗೆಂದು ಅದನ್ನು ಕನ್ನಡದ ಉಪಭಾಷೆಯೆನ್ನುವುದು ಸಲ್ಲದು. ವಿದ್ವಾಂಸರು ಅದನ್ನು ತಮಿಳು-ಮಲಯಾಳಗಳ ಕವಲಿಗೆ ಹತ್ತಿರವಾದ ಸ್ವತಂತ್ರ ಭಾಷೆಯೆಂದೇ ಎಣಿಸಿದ್ದಾರೆ.

ನಡಿಕೇರಿಯಂಡ ಚಿಣ್ಣಪ್ಪನವರು 1924ರ 'ಪಟ್ಟೋಲೆ ಪಳಮೆ'ಯಲ್ಲಿ ಈ ನುಡಿಯ ಹಾಡು, ಗಾದೆಗಳನ್ನು ಕನ್ನಡ ಲಿಪಿಯಲ್ಲಿ ಕಾಪಿಟ್ಟರು. ಆದರೆ 2001ರ ಜನಗಣತಿಯಲ್ಲಿ ಇದನ್ನು ತಾಯ್ನುಡಿಯೆಂದವರು ಸುಮಾರು 1,66,000. 2011ರಲ್ಲಿ ಸುಮಾರು 1,14,000. ಗ್ರೀಕರನ್ನು ಹುಡುಕುವ ಉತ್ಸಾಹದಲ್ಲಿ ಒಂದು ಪಾಲನ್ನು ಈ ನುಡಿಯ ಉಳಿವಿಗೆ ಕೊಟ್ಟರೆ, ಕೊಡವರ ಮೂಲದ ಅತ್ಯಂತ ನಂಬತಕ್ಕ ಸಾಕ್ಷ್ಯ ಉಳಿದೀತು.