ಲಕ್ಷ್ಮಿ ಹೆಸರಿಗೆ ಎರಡು ಸ್ಪೆಲಿಂಗ್: ಇಬ್ಬರೂ ಒಬ್ಬರೇ ಎಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ?

ಆಧಾರ್ ಕಾರ್ಡಿನಲ್ಲಿ ಒಂದು ಸ್ಪೆಲಿಂಗ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು. ನಮ್ಮಲ್ಲಿ ಇದು ಮನೆಮನೆಯ ಕಥೆ. ‘ಹೆಸರು ಹೊಂದಾಣಿಕೆಯಾಗುತ್ತಿಲ್ಲ’ ಎಂಬ ಸಂದೇಶ ಬಂದರೆ, ಕಂಪ್ಯೂಟರೇ ಹೇಳಿದ ಮೇಲೆ ತಪ್ಪು ನಮ್ಮದೇ ಇರಬೇಕು ಎಂದು ಅನೇಕರು ಸುಮ್ಮನಾಗುತ್ತಾರೆ. ನಿಜಕ್ಕೂ ಹಾಗೆಯೇ?

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಎಲ್ಲರೂ ಪಾಲಿಸುವ ಒಂದೇ ನಿಯಮವಿಲ್ಲ. ‘ಲಕ್ಷ್ಮಿ’ಯ ನಡುವೆ ಕೆಲವರು ‘ಕೆ, ಎಸ್, ಎಚ್’ ಹಾಕುತ್ತಾರೆ, ಕೆಲವರು ‘ಎಕ್ಸ್’ ಒಂದರಲ್ಲೇ ಮುಗಿಸುತ್ತಾರೆ. ಎರಡೂ ಸರಿಯೇ. ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ಇವು ಬೇರೆ ಬೇರೆ ಹೆಸರುಗಳು. ಈ ಸಮಸ್ಯೆಗೆ ಮುಖ್ಯವಾಗಿ ಎರಡು ಬಗೆಯ ಪರಿಹಾರಗಳಿವೆ.

ಮೊದಲನೆಯದು: ಎಷ್ಟು ತಿದ್ದಬೇಕು?

ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂದು ಎಣಿಸುವುದು ಮೊದಲ ವಿಧಾನ. ಕನಿಷ್ಠ ಎಷ್ಟು ತಿದ್ದುಪಡಿ ಬೇಕೋ ಅದೇ ‘ಎಡಿಟ್ ಡಿಸ್ಟೆನ್ಸ್’. ಇದನ್ನು 1965ರಲ್ಲಿ ರೂಪಿಸಿದವರು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೀನ್.

ಬೆರಳು ಜಾರಿ ಆದ ಟೈಪಿಂಗ್ ತಪ್ಪುಗಳನ್ನು ಹಿಡಿಯಲು ಇದು ಬಹಳ ಒಳ್ಳೆಯದು. ಆದರೆ ಇದಕ್ಕೆ ಉಚ್ಚಾರಣೆ ಗೊತ್ತಿಲ್ಲ. ‘ಕೆ, ಎಸ್, ಎಚ್’ ಇರುವ ಲಕ್ಷ್ಮಿಯನ್ನು ‘ಎಕ್ಸ್’ ಇರುವ ಲಕ್ಷ್ಮಿಯಾಗಿಸಲು ಮೂರು ತಿದ್ದುಪಡಿ ಬೇಕು. ‘ಎಕ್ಸ್’ ಇರುವ ಲಕ್ಷ್ಮಿಯನ್ನು ‘ಎಕ್ಸ್’ ಇರುವ ಲಕ್ಷ್ಮಣ್ ಆಗಿಸಲು ಎರಡೇ ಸಾಕು! ಅಂದರೆ ಈ ಲೆಕ್ಕದಲ್ಲಿ ಲಕ್ಷ್ಮಿಗೆ ಇನ್ನೊಬ್ಬ ಲಕ್ಷ್ಮಿಗಿಂತ ಲಕ್ಷ್ಮಣನೇ ಹತ್ತಿರ.

ಎರಡನೆಯದು: ಕಿವಿಗೆ ಹೇಗೆ ಕೇಳುತ್ತದೆ?

1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ವಿಧಾನ ‘ಸೌಂಡೆಕ್ಸ್’ ಎಂದು ಹೆಸರಾಯಿತು. ಇಲ್ಲಿ ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳುತ್ತಾರೆ. ಉಳಿದವುಗಳಲ್ಲಿ ಸ್ವರಗಳನ್ನೂ ಎಚ್, ಡಬ್ಲ್ಯೂ, ವೈ ಅಕ್ಷರಗಳನ್ನೂ ಬಿಟ್ಟು, ಹತ್ತಿರದ ಧ್ವನಿಗಳಿಗೆ ಒಂದೇ ಅಂಕಿ ಕೊಡುತ್ತಾರೆ. ಬಿ, ಎಫ್, ಪಿ, ವಿ ಎಲ್ಲಕ್ಕೂ 1. ಕೆ, ಎಸ್, ಎಕ್ಸ್ ಮುಂತಾದವಕ್ಕೆ 2. ಎಂ, ಎನ್‌ಗೆ 5. ನಡುವೆ ಸ್ವರವಿಲ್ಲದೆ ಒಂದೇ ಅಂಕಿ ಪಕ್ಕಪಕ್ಕದಲ್ಲಿ ಬಂದರೆ ಒಮ್ಮೆ ಮಾತ್ರ ಬರೆಯುತ್ತಾರೆ. ಒಟ್ಟು ಮೂರು ಅಂಕಿ ಇರಬೇಕು, ಕಡಿಮೆ ಬಿದ್ದರೆ ಸೊನ್ನೆ.

ಹೀಗೆ ಮಾಡಿದರೆ ಎರಡೂ ಲಕ್ಷ್ಮಿಯರ ಸಂಕೇತ ‘ಎಲ್ 250’. ಲಕ್ಷ್ಮಣ್ ‘ಎಲ್ 255’ ಆಗಿ ಬೇರೆಯಾಗುತ್ತಾನೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಹಳೆಯ ಜನಗಣತಿಯ ಹೆಸರುಗಳನ್ನು ಈ ಸಂಕೇತದ ಪ್ರಕಾರ ಕಾರ್ಡುಗಳಲ್ಲಿ ಜೋಡಿಸಿದ್ದರು. ಜನನ ಪ್ರಮಾಣಪತ್ರ ಇಲ್ಲದವರು ಪಿಂಚಣಿಗಾಗಿ ತಮ್ಮ ವಯಸ್ಸನ್ನು ತೋರಿಸಲು ಅದು ನೆರವಾಯಿತು.

ಎಡವುವುದು ಎಲ್ಲಿ?

ಸೌಂಡೆಕ್ಸ್‌ಗೂ ಮಿತಿಗಳಿವೆ. ಯಲ್ಲಪ್ಪನ ಹೆಸರನ್ನು ಕೆಲವರು ‘ವೈ’ಯಿಂದ, ಕೆಲವರು ‘ಇ’ಯಿಂದ ಆರಂಭಿಸುತ್ತಾರೆ. ಮೊದಲ ಅಕ್ಷರವೇ ಬೇರೆಯಾದ್ದರಿಂದ ಸಂಕೇತವೂ ಬೇರೆ. ಇಲ್ಲಿ ಎಡಿಟ್ ಡಿಸ್ಟೆನ್ಸ್ ಗೆಲ್ಲುತ್ತದೆ, ಏಕೆಂದರೆ ವ್ಯತ್ಯಾಸ ಒಂದೇ ಅಕ್ಷರ. ಹಾಗೆಂದು ಎರಡನ್ನೂ ಸೇರಿಸಿದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ರವಿ ಮತ್ತು ರಫಿ ಎಂಬ ಹೆಸರುಗಳ ನಡುವೆಯೂ ಒಂದೇ ಅಕ್ಷರದ ವ್ಯತ್ಯಾಸ. ಇಬ್ಬರ ಸಂಕೇತವೂ ‘ಆರ್ 100’. ಎರಡೂ ವಿಧಾನಗಳು ಇವರನ್ನು ಒಬ್ಬರೇ ಎನ್ನುವ ಸಾಧ್ಯತೆ ಇದೆ.

ಕನ್ನಡದಲ್ಲೇ ಹೋಲಿಸಿದರೆ?

ನಮ್ಮ ವರ್ಣಮಾಲೆಯಲ್ಲಿ ಅಕ್ಷರಗಳು ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ವರ್ಗಗಳಾಗಿ ಜೋಡಣೆಯಾಗಿವೆ. ಹಾಗಾಗಿ ಶ, ಷ, ಸ ಒಂದು ಗುಂಪು, ಅಲ್ಪಪ್ರಾಣ ಮತ್ತು ಮಹಾಪ್ರಾಣ ಒಂದು ಗುಂಪು ಎಂದು ನಿಯಮ ಮಾಡುವುದು ಸುಲಭ. ‘ಶಂಕರ’, ‘ಸಂಕರ’ ಆಗ ಒಂದೇ. ಆದರೆ ಹ್ರಸ್ವ, ದೀರ್ಘಗಳ ಭೇದವನ್ನೂ ಬಿಟ್ಟರೆ ‘ರಾಮ’ ಮತ್ತು ‘ರಮಾ’ ಕೂಡ ಒಂದೇ ಆಗಿಬಿಡುತ್ತಾರೆ!

ಹಾಗಾದರೆ ಏನು ಮಾಡಬೇಕು?

ನಿಯಮ ಬಿಗಿಯಾದರೆ ಲಕ್ಷ್ಮಿಗೆ ಅವಳದೇ ಹಣ ಸಿಗುವುದಿಲ್ಲ. ಸಡಿಲವಾದರೆ ರವಿಯ ಹಣ ರಫಿಗೆ ಹೋಗಬಹುದು. ಗೆರೆ ಎಲ್ಲಿ ಎಳೆಯಬೇಕು ಎಂದು ನಿರ್ಧರಿಸುವುದು ಕಂಪ್ಯೂಟರ್ ಅಲ್ಲ, ಆ ವ್ಯವಸ್ಥೆಯನ್ನು ರೂಪಿಸಿದ ಮನುಷ್ಯರು. ಆದ್ದರಿಂದ ಹೆಸರಿನ ಜೊತೆಗೆ ಹುಟ್ಟಿದ ದಿನಾಂಕ, ತಂದೆ ಅಥವಾ ತಾಯಿಯ ಹೆಸರು, ವಿಳಾಸವನ್ನೂ ನೋಡಬೇಕು. ಅನುಮಾನ ಉಳಿದರೆ ಒಬ್ಬ ಮನುಷ್ಯ ಪರಿಶೀಲಿಸಬೇಕು.

ನಾವು ಮಾಡಬಹುದಾದದ್ದೂ ಇದೆ. ಒಂದು ಸ್ಪೆಲಿಂಗ್ ಆಯ್ದುಕೊಂಡು ಮುಂದಿನ ಎಲ್ಲ ದಾಖಲೆಗಳಲ್ಲಿ ಅದನ್ನೇ ಬಳಸುವುದು ಒಳ್ಳೆಯದು. ಇನ್ನು ‘ಹೊಂದಾಣಿಕೆಯಾಗುತ್ತಿಲ್ಲ’ ಎಂಬ ಸಂದೇಶದ ಅರ್ಥ ಇಷ್ಟೇ: ಎರಡು ಕಡೆಯ ಅಕ್ಷರಗಳು ಬೇರೆ. ನೀವು ನೀವಲ್ಲ ಎಂದು ಅದು ಹೇಳುತ್ತಿಲ್ಲ.